ಒಂದೇ ತೂತಿನ ಬಿಳಿ ಗುಂಡು

ನಮ್ಮ ಕಾರ್ಯಾಗಾರದಲ್ಲಿ ಹೈಡ್ರೋಜನ್ ಎಂದರೆ ಒಂದೇ ತೂತಿನ ಬಿಳಿ ಮರದ ಗುಂಡು. ಆಕ್ಸಿಜನ್ ಕೆಂಪು, ಎರಡು ತೂತು. ಕಾರ್ಬನ್ ಕಪ್ಪು, ನಾಲ್ಕು. ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇವಕ್ಕೆ ಕಡ್ಡಿ ಸಿಕ್ಕಿಸಿ ಅಣುಗಳನ್ನು ಕಟ್ಟುತ್ತಾರೆ. ತೂತು ಕೊರೆಯುವವಳು ನಾನು.

ಅವರಲ್ಲೊಬ್ಬನಾದ ಯೋಸ್ಟ್ ಮೂರು ವರ್ಷ ತನ್ನ ಸಂಶೋಧನೆಯ ಗುಂಡುಗಳನ್ನು ನನ್ನಿಂದಲೇ ಒಯ್ದ. ಒಮ್ಮೆ ಕೇಳಿದ್ದೆ, ಈ ಕಡ್ಡಿ ನಿಜಕ್ಕೂ ಏನು ಎಂದು.

“ಕಡ್ಡಿಯೇ ಇಲ್ಲ, ವೀಬ್ಕೆ. ಇದರದೊಂದು ಎಲೆಕ್ಟ್ರಾನ್, ಅದರದೊಂದು. ಎರಡನ್ನೂ ಹಂಚ್ಕೊಂಡಿರ್ತವೆ. ಆಮೇಲೆ ಯಾವುದು ಯಾರದು ಅಂತ ಕೇಳೋ ಹಾಗಿಲ್ಲ.”

“ಮೈಗೆ ಮೈ ಅಂಟಿಸ್ಕೊಂಡು?”

“ಇಲ್ಲ. ತೀರ ಹತ್ರ ಬಂದ್ರೆ ತಳ್ತವೆ. ದೂರ ಹೋದ್ರೆ ನಂಟು ಬಿಟ್ಟೇ ಹೋಗುತ್ತೆ. ಅದಕ್ಕೊಂದು ಅಳತೆ ಇದೆ.”

ಆಗ ಅವನ ಮೊಣಕೈ ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಮೂರು ವರ್ಷವೂ ಅಷ್ಟೇ ದೂರದಲ್ಲಿತ್ತು.

ಅವನ ಡಾಕ್ಟರೇಟ್ ಪರೀಕ್ಷೆ ಮುಗಿದ ದಿನವೇ, ಮಧ್ಯಾಹ್ನ ನಾಲ್ಕಕ್ಕೆ, ಗಡಿಯಾಚೆಯ ಬಾಸೆಲ್‌ಗೆ ರೈಲು. ಕೆಲಸ ಅಲ್ಲಿ. ಪಾಸಾದವರಿಗೆ ಗೆಳೆಯರು ರಟ್ಟಿನ ಟೊಪ್ಪಿ ತೊಡಿಸಿ, ಕೈಗಾಡಿಯಲ್ಲಿ ಕೂರಿಸಿ, ಕಾರಂಜಿಯವರೆಗೆ ಎಳೆದೊಯ್ಯುತ್ತಾರೆ. ಅಲ್ಲಿ ಹೆಬ್ಬಾತುಗಳನ್ನು ಹಿಡಿದು ನಿಂತ ಕಂಚಿನ ಹುಡುಗಿಗೆ ಮುತ್ತು ಕೊಡಬೇಕು.

ಟೊಪ್ಪಿ ಮಾಡಿದ್ದು ನಾನು. ನೆತ್ತಿಯ ಮೇಲೆ ಒಂದು ಬಿಳಿ ಗುಂಡು, ಅದರಿಂದ ಹೊರಟ ಕಡ್ಡಿ. ಇನ್ನೊಂದು ಗುಂಡು ನನ್ನ ಜೇಬಿನಲ್ಲಿ. ಅವನು ಕೇಳಿದರೆ ಕೊಡುವುದು, ಕೊಡುವಾಗ ಹೇಳಿಬಿಡುವುದು: ನಾನೂ ಬರಲೇ?

ಮೇಸ್ತ್ರಿ ಬೋಡೊ ಟೊಪ್ಪಿ ನೋಡಿ ನಕ್ಕ. “ಏನಮ್ಮ, ಹನ್ನೊಂದು ವರ್ಷಕ್ಕೆ ಮೊದಲ ಸಲ ಕೆಲಸ ಅರ್ಧಕ್ಕೆ ಬಿಟ್ಟಿದೀಯ. ವಯಸ್ಸಾಯ್ತಾ?”

ಕಾರಂಜಿಯ ಕಟ್ಟೆ ಹತ್ತುವ ಮುನ್ನ ಯೋಸ್ಟ್ ಟೊಪ್ಪಿ ತೆಗೆದ. ಕಡ್ಡಿಯ ಬರಿದಾದ ತುದಿ ಮುಟ್ಟಿ ನೋಡಿದ.

“ಇದರ ಜೋಡಿ ಎಲ್ಲಿ?”

“ಹತ್ತೋ ಮಾರಾಯ,” ಹಿಂದಿನಿಂದ ಗೆಳೆಯನೊಬ್ಬ ಕೂಗಿದ. “ಊರಿನ ಡಾಕ್ಟರುಗಳೆಲ್ಲ ಅವಳಿಗೆ ಮುತ್ತು ಕೊಟ್ಟಾಗಿದೆ, ನಿನಗ್ಯಾಕೆ ನಾಚಿಕೆ?”

ಎಲ್ಲರೂ ನಕ್ಕರು. ಜೇಬಿನಲ್ಲಿ ನನ್ನ ಹೆಬ್ಬೆರಳು ತೂತಿನ ಅಂಚನ್ನು ಸುತ್ತುತ್ತಿತ್ತು.

“ದಾರೀಲಿ ಬಿದ್ದಿರಬೇಕು,” ಎಂದೆ.

ಅವನು ನನ್ನನ್ನೇ ನೋಡಿದ. “ಬಿದ್ದುಹೋಗೋ ಹಾಗೆ ಕೊರೆಯೋಳಲ್ಲ ನೀನು,” ಎಂದ, ಮೆಲ್ಲಗೆ.

ಅಷ್ಟರಲ್ಲಿ ಅವನನ್ನು ಮೇಲಕ್ಕೆ ತಳ್ಳಿದರು. ಕಂಚಿನ ಕೆನ್ನೆಗೆ ಮುತ್ತಿಟ್ಟು, ತೋಳು ಒದ್ದೆ ಮಾಡಿಕೊಂಡು ಇಳಿದ. ನನ್ನ ಕೈ ಕುಲುಕಿದ. ನಾನು ಕೊಟ್ಟದ್ದು ಖಾಲಿ ಕೈ.

ನಾಲ್ಕರ ರೈಲು ಹೊರಟಾಗ ನಾನು ಪ್ಲಾಟ್‌ಫಾರ್ಮಿನ ಮೇಲಿದ್ದೆ. ಅವನು ಟೊಪ್ಪಿಯನ್ನು ಕಿಟಕಿಗೆ ಒತ್ತಿ ಹಿಡಿದಿದ್ದ, ಬರಿಯ ಕಡ್ಡಿ ನನ್ನ ಕಡೆಗಿರುವಂತೆ.