ಬೆನೆಡಿಕ್ಟನ ಗುಂಡಿ

"ತಲೆ ನೆಟ್ಟಗೆ ಹಿಡಿಯೇ! ಕರುವಿಗೆ ಔಷಧಿ ಕುಡಿಸುವಾಗ ಹಿಡಿಯೋದಿಲ್ವಾ? ಹಾಗೆ ಹಿಡಿ. ಅಷ್ಟೂ ಗೊತ್ತಾಗಲ್ವಾ ನಿಮ್ಮ ಕರಿ ಜಾತಿಗೆ?"

ನಾನು ಸೋದರಮಾವನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಫಾದರ್ ಹಾರ್ಟ್‌ವಿಗ್ ಬಾಟಲಿಯ ಬಿರಡೆ ಕಿತ್ತು ಮಾವನ ಹಣೆಗೆ ಮೂರು ಸಲ ನೀರು ಹೊಯ್ದ. ನೀರು ನನ್ನ ಬೆರಳ ಸಂದಿಯಿಂದ ಇಳಿದು, ನಾನೇ ಆಗಷ್ಟೆ ಒರೆಸಿದ್ದ ನೆಲದ ಮೇಲೆ ತೊಟ್ಟಿಕ್ಕಿತು. ಮಾವನಿಗೆ ಎಚ್ಚರ ತಪ್ಪಿ ಎರಡು ದಿನವಾಗಿತ್ತು. ರೋಗಿಯನ್ನು ನೋಡಲು ಮಿಶನ್ ಆಸ್ಪತ್ರೆಯೊಳಕ್ಕೆ ನಮ್ಮವರನ್ನು ಬಿಡುತ್ತಿರಲಿಲ್ಲ. ಕಸಗುಡಿಸುವವಳೆಂದು ನಾನೊಬ್ಬಳು ಒಳಗಿದ್ದೆ.

"ಬೆನೆಡಿಕ್ಟ್" ಎಂದು ಫಾದರ್ ಹೆಸರಿಟ್ಟ. ಹಣೆಗೆ, ಅಂಗೈಗೆ, ಪಾದಕ್ಕೆ ಎಣ್ಣೆ ಸವರಿದ. ಆಮೇಲೆ ಬೆರಳು ಒರೆಸಿಕೊಳ್ಳುತ್ತ ನಕ್ಕ. "ಇಪ್ಪತ್ತಾರು ವರ್ಷ ಆಟ ಆಡಿಸಿದ ಈ ಮುದುಕ. ಕಡೆಗೂ ಸಿಕ್ಕಿದ."

ಮಾವನ ಹೆಸರನ್ನು ನಾನು ಹೇಳಲಾರೆ. ಸತ್ತವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ; ಕರೆದರೆ ಹೊರಟವರು ತಿರುಗಿ ನೋಡುತ್ತಾರೆ. ಮಿಶನ್ನಿನ ಬೇಲಿಯೊಳಗಿದ್ದ ನಮ್ಮೆಲ್ಲರಿಗೂ ಫಾದರ್ ತನ್ನ ದೇಶದ ಸಂತರ ಹೆಸರು ಅಂಟಿಸಿದ್ದ. ನಾನು ವಾಲ್ಬುರ್ಗಾ, ನನ್ನಣ್ಣ ಗಾಸ್ಪರ್, ನನ್ನ ಮಗಳು ತೆಕ್ಲಾ. ಮಾವನೊಬ್ಬ ಬೇಲಿಯಾಚೆ ತೊಗಟೆಯ ಗುಡಿಸಲು ಹಾಕಿಕೊಂಡು, ತನ್ನ ಹುಟ್ಟುಹೆಸರನ್ನೇ ಉಳಿಸಿಕೊಂಡಿದ್ದ.

ಗಟ್ಟಿಯಾಗಿದ್ದಾಗ ಅವನು ಇಗರ್ಜಿಯ ಬಾಗಿಲಿಗೆ ಬಂದು ಕೂತು ಫಾದರ್‌ನ ಜೊತೆ ವಾದಕ್ಕಿಳಿಯುತ್ತಿದ್ದ.

"ಏನಪ್ಪ ಪಾದ್ರಿ, ಆ ರೊಟ್ಟಿ ನಿಮ್ ದೇವರ ಮೈ, ಆ ದ್ರಾಕ್ಷಿ ರಸ ಅವನ ರಕ್ತ ಅಂತೀಯಲ್ಲ, ದಿಟವಾ?"

"ದಿಟ."

"ಅಯ್ಯೋ ನಿನ್ ಮನೆ ಹಾಳಾಗ! ನಾನು ಉಡದ ಕುಲದೋನು. ಹೊಟ್ಟೆ ಹಸ್ಕಂಡು ಸತ್ರೂ ಉಡ ತಿನ್ನಾಕಿಲ್ಲ, ಅದು ನನ್ ರಕ್ತ. ನೀವು ವಾರ ವಾರ ನಿಮ್ ದೇವ್ರನ್ನೇ ತಿಂತೀರಲ್ಲೋ! ನಮ್ಮುನ್ನ ಕಾಡುಜನ ಅಂತೀಯಾ?"

ಅಂದು ಫಾದರ್ ಅವನ ಬೆನ್ನಿಗೆ ಬೂಟುಗಾಲಲ್ಲಿ ಒದ್ದಿದ್ದ. ಮಾವ ಎದ್ದು ಮಣ್ಣು ಕೊಡವಿಕೊಂಡು, "ಒದೆಯಾಕೂ ಲ್ಯಾಟಿನ್ನಾಗೆ ಮಂತ್ರ ಐತೇನಪ್ಪ?" ಎಂದು ಕೇಳಿದ್ದ.

ಜ್ಞಾನಸ್ನಾನವಾದ ಮರುದಿನ ಮಧ್ಯಾಹ್ನ ಮಾವ ಸತ್ತ.

ಅವನ ಸೀಮೆ ಮಿಶನ್ನಿನಿಂದ ಮೂರು ದಿನದ ದಾರಿ. ಕೆಂಪು ಬಂಡೆಗಳ ನಡುವೆ ಯಾವ ಬೇಸಿಗೆಗೂ ಬತ್ತದ ಮಡು ಅದು. ತಾಯ ಹೊಟ್ಟೆ ಸೇರುವ ಮೊದಲು ಅವನ ಜೀವ ಇದ್ದದ್ದು ಆ ಮಡುವಿನಲ್ಲಿ, ಸತ್ತ ಮೇಲೆ ಮರಳಬೇಕಾದದ್ದೂ ಆ ನೀರಿಗೆ. ಅಲ್ಲಿಗೇ ಹೊತ್ತೊಯ್ದು, ಮರದ ಮೇಲೆ ಅಟ್ಟ ಕಟ್ಟಿ ಮಲಗಿಸಿ, ಮೂಳೆ ಒಣಗಿದ ಮೇಲೆ ತೊಗಟೆಯಲ್ಲಿ ಸುತ್ತಿ ಬಂಡೆಯ ಪೊಟರೆಗೆ ಸೇರಿಸಬೇಕು. ಅಕ್ಕನ ಮಕ್ಕಳಾದ ನಮ್ಮ ಹೊಣೆ ಅದು. ಗಾಸ್ಪರ್ ದನದ ಹಟ್ಟಿಯಿಂದ ನಾಲ್ಕು ಜನರನ್ನು ಕರೆದುಕೊಂಡು, ತೊಗಟೆ ಸುಲಿದು ತಂದ.

ಫಾದರ್ ಆಸ್ಪತ್ರೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಯಾರ ಹೆಣ ಕೇಳೋಕೆ ಬಂದಿರಿ? ಅವನು ಕ್ರೈಸ್ತನಾಗಿ ಸತ್ತಿದ್ದಾನೆ. ಚರ್ಚಿನ ಮಣ್ಣಿಗೇ ಹೋಗಬೇಕು. ಬೇಕಾದ್ರೆ ಇವಳನ್ನ ಕೇಳು, ಇವಳೇ ತಲೆ ಹಿಡಿದದ್ದು."

ಗಾಸ್ಪರ್ ನನ್ನ ಮುಖ ನೋಡಿದ. ತೊಗಟೆಯನ್ನು ಅಲ್ಲೇ ಹಾಕಿ ಹೋದ.

ಬೇಲಿಯಾಚೆ ಅವ್ವ ಮಾವನ ಗುಡಿಸಲ ಮುಂದೆ ಹಸಿ ಸೊಪ್ಪಿನ ಹೊಗೆ ಹಾಕಿದ್ದಳು. ಹೊಗೆಯಾಡಿಸದಿದ್ದರೆ ಹೋದ ಜೀವ ಇದ್ದವರ ಬೆನ್ನಿಗೆ ಬೀಳುತ್ತದೆ. ಫಾದರ್ ಅಲ್ಲಿಗೂ ಬಂದು, ಸೈತಾನನ ಹೊಗೆ ಎಂದು ಕೆಂಡವನ್ನೆಲ್ಲ ಒದ್ದು ಚೆಲ್ಲಾಡಿದ. ಒಂದು ಗಂಟೆಯ ಮೇಲೆ ಇಗರ್ಜಿಯಲ್ಲಿ ಬೆಳ್ಳಿಯ ಧೂಪಾರತಿ ಬೀಸುತ್ತ ಮಾವನ ಪೆಟ್ಟಿಗೆಗೆ ಮೂರು ಸುತ್ತು ಬಂದ. ಹೊಗೆ ಛಾವಣಿಯವರೆಗೂ ಎದ್ದಿತು.

ಅವ್ವ ಎಲ್ಲರಿಗೂ ಕೇಳುವಂತೆ ಅಂದಳು: "ಇದ್ಯಾವ ಸೊಪ್ಪುಲಾ? ಇದಕ್ಕೆ ಸೈತಾನ ಬರಾಕಿಲ್ವಾ?"

ಹೆಂಗಸರ ಸಾಲಿನಲ್ಲಿ ಕಿಸಕ್ಕನೆ ನಗು ಹರಿಯಿತು. ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಡಿಲಿಯಾ ಬಂದು ಅವ್ವನ ತೋಳನ್ನು ಚರ್ಮ ಕಿತ್ತುಬರುವಂತೆ ಚಿವುಟಿದಳು.

"ನಮ್ಮ ಸಹೋದರ ಬೆನೆಡಿಕ್ಟನಿಗಾಗಿ ಅತ್ತು ಪ್ರಾರ್ಥಿಸಿ," ಎಂದ ಫಾದರ್.

ಒಬ್ಬರೂ ಅಳಲಿಲ್ಲ. ಸತ್ತವರಿಗಾಗಿ ತಲೆ ಜಜ್ಜಿಕೊಂಡು ಅಳುವ ಜನ ನಾವು. ಆವತ್ತು ಮಾತ್ರ ಯಾರ ಕಣ್ಣಲ್ಲೂ ಹನಿಯಿಲ್ಲ.

"ಕಲ್ಲುಗಳು! ನಿಮ್ಮ ಹೃದಯ ಕಲ್ಲು!"

"ಬೆನೆಡಿಕ್ಟ ಯಾರೋ ನಮಗೆ ಗೊತ್ತಿಲ್ಲ ಕಣಪ್ಪ," ಎಂದಳು ಅವ್ವ. "ಗೊತ್ತಿಲ್ದೋರಿಗೆ ಹೆಂಗೆ ಅಳಾದು?"

ಇಗರ್ಜಿಯ ಹಿಂದೆ ಗುಂಡಿ ತೋಡಿ ಹೂತರು. ಶಿಲುಬೆಯ ಮೇಲೆ ಬೆನೆಡಿಕ್ಟ್ ಎಂದು ಬರೆದರು.

ಆ ಸಂಜೆ ಕೆಂಡದ ರೊಟ್ಟಿ ಮುರಿಯುತ್ತ ಗಾಸ್ಪರ್ ನನಗೆ ಬೆನ್ನು ಹಾಕಿ ಕೂತ.

"ನಾನೇನ್ ಮಾಡ್ಲಿ ಅಣ್ಣಾ? ಹಿಡಿ ಅಂದ, ಹಿಡ್ದೆ."

"ನಿಂಗೆ ಅವ್ನು ಹಿಡಿ ಅಂದಿದ್ದು ಕೇಳ್ತು. ಮಾವ ಬ್ಯಾಡ ಅಂತ ಇಪ್ಪತ್ತಾರು ವರ್ಷ ಬಡ್ಕಂಡಿದ್ದು ಕೇಳಲಿಲ್ವೇನೆ ಮುಂಡೆ?"

"ತೆಕ್ಲಾ ಅವ್ನ ಕೈಯಾಗವ್ಳೆ ಅಣ್ಣಾ."

ನಮ್ಮೆಲ್ಲರ ಹೆಣ್ಣುಮಕ್ಕಳೂ ಫಾದರ್‌ನ ಕೈಯಲ್ಲೇ ಇದ್ದರು. ಐದು ವರ್ಷ ತುಂಬುತ್ತಲೇ ಹಾಸ್ಟೆಲಿಗೆ ಎಳೆದೊಯ್ದು ಕೂದಲು ಕತ್ತರಿಸಿ, ನಮ್ಮ ಭಾಷೆ ಆಡಿದರೆ ಬಾಯಿಗೆ ಸಾಬೂನು ತಿಕ್ಕುತ್ತಿದ್ದರು. ವಾರಕ್ಕೊಮ್ಮೆ ತಂತಿಯಾಚೆಯಿಂದ ನಾವು ಅವರನ್ನು ನೋಡಬಹುದಿತ್ತು. ಅವ್ವ ಗುಡಿಸಲಿನೊಳಗೆ ಒಂದೇ ಮಾತನ್ನು ಹಲುಬುತ್ತಿದ್ದಳು: "ಅವನಿಗೆ ಆ ಗುಂಡಿಯಿಂದ ದಾರಿ ಗೊತ್ತಾಗಾಕಿಲ್ಲ... ಗೊತ್ತಾಗಾಕಿಲ್ಲ..."

ಮರುದಿನ ಭಾನುವಾರ. ಪರಮಪ್ರಸಾದಕ್ಕೆ ನಾನೂ ಸಾಲಿನಲ್ಲಿ ಹೋಗಿ ಮೊಣಕಾಲೂರಿದೆ. ಫಾದರ್ ರೊಟ್ಟಿಯ ಬಿಲ್ಲೆಯನ್ನು ನನ್ನ ತುಟಿಗೆ ಹಿಡಿದ. ನಾನು ಬಾಯಿ ತೆರೆಯಲಿಲ್ಲ.

"ಬಾಯಿ ತೆಗಿ."

"ನಮ್ ಮಾವನ್ನ ಕೊಡಿ."

ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. ಬಾಯಲ್ಲಿ ದ್ರಾಕ್ಷಾರಸದ ವಾಸನೆ ಇತ್ತು. "ನಿನ್ನ ಹುಡುಗಿ ಯಾರ ಮನೆಯಲ್ಲಿ ಮಲಗ್ತಾಳೆ, ನೆನಪಿದೆಯಾ? ನಾಳೆ ಲಾರಿ ಹತ್ತಿಸಿದರೆ ಎಲ್ಲಿಗೆ ಅಂತ ಹುಡುಕ್ತೀಯೇ ನೀನು?"

ಸುಳ್ಳು ಯಾಕೆ ಹೇಳಲಿ, ತೆಗೆಯೋಣ ಎಂದು ಬಾಯಿ ಅರ್ಧ ತೆರೆಯಿತು. ಅಷ್ಟರಲ್ಲಿ ಅವನ ಹೆಬ್ಬೆರಳು ಕಂಡಿತು. ಮಾವನ ಹಣೆಗೆ ಎಣ್ಣೆ ಸವರಿ ಒರೆಸಿಕೊಂಡಿದ್ದ ಹೆಬ್ಬೆರಳು. ನಾನು ಎದ್ದೆ. ಬೆನ್ನು ತೋರಿಸಿ ನಡುದಾರಿಯಲ್ಲೇ ನಡೆದು ಹೊರಗೆ ಬಂದೆ. ತರಕಾರಿ ತೋಟದ ಕೊಟ್ಟಿಗೆಯಿಂದ ಸಲಿಕೆ ತೆಗೆದುಕೊಂಡು ಇಗರ್ಜಿಯ ಹಿಂದಕ್ಕೆ ಹೋಗಿ ಅಗೆಯತೊಡಗಿದೆ.

ಮೊದಲು ಬಂದವಳು ಅವ್ವ, ಬರಿಗೈಯಲ್ಲಿ. ಆಮೇಲೆ ಗಾಸ್ಪರ್ ಬಂದು ನನ್ನ ಪಕ್ಕ ನಿಂತು, "ಅತ್ಲಾಗೆ ಸರಿ, ಹೆಣ ಮುಟ್ಟಾದು ಗಂಡಸ್ರ ಕೆಲ್ಸ," ಎಂದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದರು. ಒಳಗೆ ಗಂಟೆ ಒಂದೇ ಸಮನೆ ಬಾರಿಸುತ್ತಿತ್ತು.

ಜರಿಯ ಪೂಜಾವಸ್ತ್ರದಲ್ಲೇ ಫಾದರ್ ಓಡಿ ಬರುವಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು.

"ಪಾಪಿಗಳಾ! ಇದು ಪವಿತ್ರ ನೆಲ!"

"ಹೌದು ಕಣಯ್ಯ," ಎಂದ ಗಾಸ್ಪರ್. "ನೀನು ಹುಟ್ಟಾಕ್ ಮುಂಚಿಂದ್ಲೂ."

ಮಾವನನ್ನು ಎತ್ತಿ ತೊಗಟೆಯಲ್ಲಿ ಸುತ್ತಿದರು. ಅವ್ವ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿಸಿ, ಮತ್ತೆ ಗುಂಡಿಗಿಳಿಸಿ ಮಣ್ಣು ಎಳೆಸಿದಳು. ವಾಲಿದ್ದ ಶಿಲುಬೆಯನ್ನು ತಾನೇ ನೆಟ್ಟಗೆ ನಿಲ್ಲಿಸಿದಳು.

"ತಗಳಪ್ಪ. ನಿನ್ ಬೆನೆಡಿಕ್ಟ ಇಲ್ಲೇ ಇರ್ಲಿ. ನಾವು ಮುಟ್ಟಾಕಿಲ್ಲ. ನನ್ ತಮ್ಮ ನಮ್ ಜತೆ ಬತ್ತಾನೆ." ಹಾಗೆಂದ ಮೇಲೆ ನೆಲಕ್ಕೆ ಕುಕ್ಕರಿಸಿ, ಹಿಂದಿನ ದಿನದಿಂದ ತಡೆದಿದ್ದ ಗೋಳನ್ನು ಎತ್ತಿದಳು. ಎಲ್ಲ ಹೆಂಗಸರೂ ದನಿಗೂಡಿಸಿದರು. ಗಂಟೆಯ ಸದ್ದು ಅದರಲ್ಲಿ ಮುಳುಗಿಹೋಯಿತು.

ಫಾದರ್‌ನ ಮುಖದಲ್ಲಿ ರಕ್ತವಿರಲಿಲ್ಲ. ಅವನು ನನ್ನನ್ನೇ ಒಂದು ಗಳಿಗೆ ನೋಡಿ, ಹಾಸ್ಟೆಲಿನತ್ತ ಓಡಿದ. ಹೊರಗಿನಿಂದ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ನಿಲುವಂಗಿಯೊಳಗೆ ಇಳಿಬಿಟ್ಟು, ಪೊಲೀಸರನ್ನು ಕರೆಯಲು ರೇಡಿಯೋ ಕೋಣೆಗೆ ಹೋದ.

ಗಂಡಸರು ಮಾವನನ್ನು ಹೆಗಲಿಗೇರಿಸಿದರು. "ಬಾರೇ," ಎಂದು ಗಾಸ್ಪರ್ ಕೂಗಿದ. "ಪೊಲೀಸ್ನೋರು ಕುದ್ರೆ ಹತ್ತಿದ್ರೆ ಕೆಟ್ವಿ."

"ನೀವು ನಡೀರಿ."

ಬೇಲಿ ದಾಟಿ ಹೋಗುವ ಸಾಲು ಧೂಳಿನಲ್ಲಿ ಸಣ್ಣದಾಗುತ್ತ ಬಂತು.

ನಾನು ಸಲಿಕೆ ಹಿಡಿದು ಹಾಸ್ಟೆಲಿನ ಬಾಗಿಲಿಗೆ ಬಂದೆ. ಮೊದಲ ಏಟಿಗೆ ಚಿಲಕ ಬಗ್ಗಿತು. ಎರಡನೆಯದಕ್ಕೆ ಸಲಿಕೆಯ ಕಾವು ಸೀಳಿತು. "ತೆಕ್ಲಾ!" ಎಂದು ಕೂಗಿದೆ. ನಮ್ಮ ಭಾಷೆಯಲ್ಲಿ ಅವಳಿಗೆ ನಾನಿಟ್ಟ ಹೆಸರನ್ನೂ ಕೂಗಿದೆ. ಒಳಗೆ ಸಿಸ್ಟರ್ ಒಡಿಲಿಯಾ ಹುಡುಗಿಯರ ಕೈಲಿ ಜಪಸರ ಹೇಳಿಸತೊಡಗಿದ್ದಳು, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎಂದು ಗದರಿಸುತ್ತ. ನಲವತ್ತು ಕೊರಳು ಒಟ್ಟಿಗೆ ನಮೋ ಮರಿಯ ಎನ್ನುತ್ತಿದ್ದವು. ಬಾಗಿಲಿಗೆ ಕಿವಿಯಿಟ್ಟು ಕೇಳಿದೆ. ಅದರಲ್ಲಿ ನನ್ನ ಮಗಳ ದನಿ ಯಾವುದೆಂದು ನನಗೆ ಗೊತ್ತಾಗಲಿಲ್ಲ.

ಸೀಳಿದ ಕಾವನ್ನು ಬಿಗಿಯಾಗಿ ಹಿಡಿದು ಮತ್ತೆ ಬೀಸಿದೆ.