ಗಂಡನ ಹೆಸರು

"ನವರ್‍ಯಾಚಂ ನಾವ ಕಾಯ್?"

ಪೊಲೀಸ್ ಪೇದೆ ಮಾಧುರಿ ಮರಾಠಿಯಲ್ಲಿ, ನಿನ್ನ ಗಂಡನ ಹೆಸರೇನೆಂದು ಕೇಳುತ್ತಿದ್ದುದು ಇದು ಮೂರನೇ ಸಲ. ಸೊಸೆ ವೆನ್ ಅತ್ತೆಯ ಮುಖ ನೋಡಿದಳು. ಅತ್ತೆ ಬಸವಣ್ಣೆವ್ವ ಟೀಪಾಯಿಯ ಮೇಲಿನ ಚಹದ ಕಪ್ಪು ನೋಡಿದಳು. ಮಾವ ಮಲಕಪ್ಪನಿಗೆ ತಡೆಯಲಾಗಲಿಲ್ಲ. "ಶಿವರಾಜ..." ಎಂದು ಬಾಯಿ ಹಾಕಿದ.

"ಕಾಕಾ, ತುಮ್ಹಿ ನಕಾ ಸಾಂಗು," ಎಂದು ಮಾಧುರಿ ಪೆನ್ನೆತ್ತಿ ಅವನನ್ನು ತಡೆದಳು. ಹೇಳಬೇಕಾದವಳು ಹೆಂಡತಿ, ಮಾವನಲ್ಲ.

ವೆನ್ ಎದ್ದು ಹೋಗಿ ಗೋಡೆಯ ಮೇಲಿದ್ದ ಮದುವೆಯ ಫೋಟೊದ ಮೇಲೆ ಬೆರಳಿಟ್ಟಳು. "ಇವರು," ಎಂದಳು, ಕನ್ನಡದಲ್ಲಿ.

ಉಳಿದದ್ದಕ್ಕೆಲ್ಲ ಅವಳು ಪಟಪಟನೆ ಉತ್ತರ ಕೊಟ್ಟಿದ್ದಳು. ಗಂಡ ಚಾಕಣದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು, ಡಬ್ಬಿಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಚೀನಾದ ಸುಝೌ ಊರಿನ ಹುಡುಗಿಯ ಬಾಯಲ್ಲಿ ತಮ್ಮದೇ ಯೆರವಡಾ ಓಣಿಯ ಮರಾಠಿ ಕೇಳಿ ಮಾಧುರಿ ಒಂದೆರಡು ಸಲ ನಕ್ಕೂ ಇದ್ದಳು. ಹೆಸರಿನ ಹತ್ತಿರ ಬಂದಾಗ ಆ ನಗೆ ನಿಂತಿತು. ಅವಳು ಚಹ ಕುಡಿದು, ಚಹ ಚೆನ್ನಾಗಿದೆ ಎಂದು ಹೇಳಿ, ತೊಡೆಯ ಮೇಲಿನ ಹಾಳೆಯಲ್ಲಿ ಒಂದು ಸಾಲು ಬರೆದುಕೊಂಡಳು.

ಆ ಸಾಲನ್ನು ಮಲಕಪ್ಪ ಎದುರಿನ ಕುರ್ಚಿಯಿಂದಲೇ ಓದಿದ. ನೀರಾವರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಾರಕೂನನಾಗಿದ್ದವನಿಗೆ ಸಾಹೇಬರ ಟೇಬಲ್ಲಿನ ಮೇಲಿನ ಕಾಗದವನ್ನು ತಲೆಕೆಳಗಾಗಿ ಓದುವ ವಿದ್ಯೆ ಕೈವಶವಾಗಿತ್ತು. ಗಂಡನ ಹೆಸರು ಕೇಳಿದಾಗ ಅರ್ಜಿದಾರಳು ಹೇಳಲಿಲ್ಲ, ಎಂದು ಬರೆದಿತ್ತು. ಸುಳ್ಳೇನಲ್ಲ. ಸುಳ್ಳಾಗಿದ್ದರೆ ತಕರಾರು ಅರ್ಜಿಯನ್ನಾದರೂ ಹಾಕಬಹುದಿತ್ತು.

ವೆನ್‌ಳ ವೀಸಾ ಮುಗಿಯುವುದು ಈ ತಿಂಗಳ ಇಪ್ಪತ್ತೆಂಟಕ್ಕೆ. ಅದನ್ನು ಮುಂದುವರಿಸಬೇಕಾದರೆ ಗಂಡ ಹೆಂಡತಿ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದಾರೆಂದು ಪೊಲೀಸರ ವರದಿ ಹೋಗಬೇಕು. ಮುಂದುವರಿಯದಿದ್ದರೆ ಅವಳು ದೇಶ ಬಿಡಬೇಕು. ಮೊದಲ ಸಲ ಅವಳಿಗೆ ಇಲ್ಲಿಗೆ ಬರಲು ವೀಸಾ ಸಿಕ್ಕಿದ್ದು ಹದಿನಾಲ್ಕು ತಿಂಗಳು ಕಾದ ಮೇಲೆ. ಶಿವರಾಜ ಆ ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಕಿಲೊ ಇಳಿದಿದ್ದ. ಈಗ ಮತ್ತೆ ಹೋದರೆ ಎಂದು ತಿರುಗಿ ಬರುತ್ತಾಳೋ ಹೇಳುವವರಿಲ್ಲ. ಕಾಗದಪತ್ರದ ಹೊಣೆಯನ್ನು ಮಲಕಪ್ಪ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ನಿವೃತ್ತನಾದ ಮೇಲೆ ಅವನ ಕೈಗೆ ಬಂದ ಮೊದಲ ನಿಜವಾದ ಫೈಲು ಅದು. ಮದುವೆಯ ನೋಂದಣಿ ಪತ್ರ, ಲೈಟ್ ಬಿಲ್ಲು, ಛಾಪಾ ಕಾಗದದ ಮೇಲೆ ಗಂಡನ ಮುಚ್ಚಳಿಕೆ, ಕೇಳಿದ್ದಕ್ಕೆ ಎರಡು, ಕೇಳದ್ದಕ್ಕೆ ಒಂದು ಪ್ರತಿ. ಎಲ್ಲಕ್ಕೂ ದಾರ ಪೋಣಿಸಿ, ಪುಟದ ಸಂಖ್ಯೆ ಹಾಕಿ ಇಟ್ಟಿದ್ದ. ಹೆಂಡತಿ ಗಂಡನ ಹೆಸರು ಹೇಳುವುದಕ್ಕೂ ಒಂದು ಪ್ರತಿ ತಯಾರು ಮಾಡಬೇಕಿತ್ತೆಂದು ಅವನಿಗೆ ಹೊಳೆದಿರಲಿಲ್ಲ.

ವೆನ್ ಗಂಡನ ಹೆಸರು ಹೇಳದವಳೇನೂ ಅಲ್ಲ. ನೋಂದಣಿ ಕಚೇರಿಯಲ್ಲಿ ಪ್ರತಿಜ್ಞೆ ಓದುವಾಗ ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಮನೆಗೆ ಬಂದ ಎರಡನೇ ವಾರ, ತಮ್ಮೂರು ಇಂಡಿಯಿಂದ ಬಂದ ನೆಂಟರು ಊಟಕ್ಕೆ ಕೂತಿದ್ದಾಗ, ಅಡುಗೆಮನೆಯಿಂದ "ಶಿವರಾಜಾ!" ಎಂದು ಕೂಗಿಬಿಟ್ಟಳು. ಬಸವಣ್ಣೆವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. ನೆಂಟರು ಹೋದ ಮೇಲೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಡನ ಹೆಸರು ಹೆಂಡತಿ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿದಳು. ವೆನ್ ನಗಲಿಲ್ಲ. ತಮ್ಮಲ್ಲೂ ಹಿರಿಯರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಅಜ್ಜನ ಹೆಸರು ತನಗೆ ತಿಳಿದದ್ದು ಅವನ ಗೋರಿಯ ಕಲ್ಲು ಓದಿದ ಮೇಲೆ, ಎಂದಳಂತೆ. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅದೇ ಶನಿವಾರ ಶಿವರಾಜ ಸಾಸವಡದಿಂದ ಬರುವಾಗ ದಿವೆ ಘಾಟದ ತಿರುವಿನಲ್ಲಿ ಬೈಕಿನಿಂದ ಬಿದ್ದು ಹೆಗಲಿನ ಎಲುಬು ಮುರಿದುಕೊಂಡ.

ಬಸವಣ್ಣೆವ್ವ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೊಸೆಯ ಕಡೆಗೊಮ್ಮೆ ನೋಡಿದಳು, ಅಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮಲಕಪ್ಪನಿಗೆ ಇಂದಿಗೂ ಅನಿಸುತ್ತದೆ. ಅಂದಿನಿಂದ ವೆನ್ ಗಂಡನನ್ನು ಕರೆಯುವುದು "ಏನ್ರೀ" ಎಂದೇ. ಇಂಗ್ಲಿಷಿನಲ್ಲಿ ಜಗಳವಾಡುವಾಗಲೂ ನಡುವೆ "ಏನ್ರೀ" ಬರುತ್ತಿತ್ತು. ಹೋದ ವರ್ಷ ಪೊಲೀಸರು ಬಂದಾಗ ಶಿವರಾಜ ಮನೆಯಲ್ಲಿದ್ದ, ಎಲ್ಲವನ್ನೂ ಅವನೇ ಹೇಳಿ ಮುಗಿಸಿದ್ದ.

ಐದು ದಿನದ ಮೇಲೆ ಕಾಗದ ಬಂತು. ಹತ್ತೊಂಬತ್ತನೇ ತಾರೀಖು ಹನ್ನೊಂದು ಗಂಟೆಗೆ ವಿದೇಶಿಯರ ನೋಂದಣಿ ಕಚೇರಿಗೆ ದಂಪತಿಗಳು ಬರಬೇಕು, ಜೊತೆಗೆ ಮನೆಯ ಹಿರಿಯರೊಬ್ಬರ ಹೇಳಿಕೆ ಬೇಕು. ಶಿವರಾಜ ಕೆಲಸದಿಂದ ಬಂದವನು ಬೂಟು ಬಿಚ್ಚದೆ ಅದನ್ನು ಓದಿದ.

"ಅಪ್ಪಾ, ಇಕಿ ನನ್ನ ಹೆಸರ ಹೇಳಲಿಲ್ಲಂದ್ರ ಅವರು ಏನಂತ ತಿಳಕೋಬೇಕು? ರೊಕ್ಕಾ ಕೊಟ್ಟು ಮದುವಿ ಮಾಡಿಕೊಂಡಾರ, ವೀಸಾಕ್ಕಂತ ಅಂತಾರ!"

"ನನಗ ಯಾಕ ಹೇಳ್ತಿಯೋ? ನಾ ಹೇಳಾಕ ಹೋದೆ, ಆ ಪೊಲೀಸ್ ಹೆಣ್ಮಗಳು ಬಿಡಲಿಲ್ಲ," ಎಂದ ಮಲಕಪ್ಪ.

ಶಿವರಾಜ ಹೆಂಡತಿಯ ಎದುರಿಗೆ ನಿಂತ. "ಈಗ ಒಮ್ಮೆ ಹೇಳು. ಮನ್ಯಾಗ. ಯಾರೂ ಇಲ್ಲ."

ವೆನ್ ಒಲ್ಲೆನೆಂದು ತಲೆಯಾಡಿಸಿದಳು. "ಎಲುಬು ಮುರೀತು," ಎಂದಳು.

"ರಸ್ತಾದಾಗ ಉಸುಕು ಬಿದ್ದಿತ್ತು, ಅದಕ್ಕ ಮುರೀತು!"

"ಉಸುಕು ದಿನಾ ಇರ್ತದ," ಎಂದಳು ವೆನ್. "ನೀವು ಒಂದs ದಿನ ಬಿದ್ರಿ."

ಯಂತ್ರವಿಜ್ಞಾನದಲ್ಲಿ ಎರಡು ಪದವಿ ಪಡೆದ ಮಗ ಅಡುಗೆಮನೆಯ ಕಡೆ ತಿರುಗಿ, "ಅವ್ವಾ, ನೀನs ಹಚ್ಚಿದ್ದು ಇದು, ನೀನs ಬಿಡಸು," ಎಂದ. ಬಸವಣ್ಣೆವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ರಾತ್ರಿಯ ಊಟಕ್ಕೆ ಕೂತಾಗ ಅವಳು ಗಂಡನನ್ನು ಮೆಲ್ಲಗೆ ಕೇಳಿದಳು, "ಏನ್ರೀ, ಬರದು ಕೊಟ್ರ ನಡಿಯಂಗಿಲ್ಲೇನು?"

"ಬರದದ್ದು ಫೈಲಿನ್ಯಾಗ ಹನ್ನೆರಡು ಕಡೆ ಅದ. ಬಾಯಿಲೆ ಹೇಳ್ಬೇಕು ಅಂತಾರ."

"ಅಂಥಾ ಸರಕಾರ ಏನ ಸರಕಾರ ಅದು," ಎಂದು ಅವಳು ತಾಟು ಎತ್ತಿಕೊಂಡು ಹೋದಳು. ಆದರೆ ಅವಳ ಮುಖ ಸಣ್ಣದಾಗಿತ್ತು. ಸೊಸೆ ಬರುವ ಮೊದಲು ಚೀನಾದವಳು ಬೇಡವೆಂದು ಹಟ ಹಿಡಿದು ಎರಡು ಸೋಮವಾರ ಉಪವಾಸ ಕೂತವಳು ಇವಳೇ. ಈಗ ಸಂತೆಗೆ ಹೋದರೂ "ವೆನ್ನವ್ವಾ" ಎಂದು ಕರೆದುಕೊಂಡೇ ಹೋಗುತ್ತಿದ್ದಳು. ತನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟವರು ಈ ಮನೆಯಲ್ಲಿ ಇನ್ಯಾರೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಬೆಲೆಯೇ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕುವ ಹೊತ್ತು ಬಂದಿತ್ತು.

ಹತ್ತೊಂಬತ್ತಕ್ಕೆ ನಾಲ್ವರೂ ಹೋದರು. ಹಿರಿಯರ ಹೇಳಿಕೆ ತಾನೇ ಕೊಡುವುದೆಂದು ಮಲಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಆದರೆ ಅಧಿಕಾರಿ ಮೇಡಂ ಅವನ ದಾರ ಪೋಣಿಸಿದ ಫೈಲನ್ನು ಹೆಬ್ಬೆರಳಿನಿಂದ ಸರಸರನೆ ಸರಿಸಿ ಬದಿಗಿಟ್ಟು, ಮನೆಯಲ್ಲಿ ದಿನವಿಡೀ ಇರುವವರು ಯಾರೆಂದು ಮರಾಠಿಯಲ್ಲಿ ಕೇಳಿದಳು. ಅವ್ವ, ಎಂದು ಶಿವರಾಜ ಹೇಳಿದ. ಹಾಗಾದರೆ ಅತ್ತೆಯ ಹೇಳಿಕೆ ಆಗಲಿ, ಉಳಿದವರು ಹಿಂದೆ ಕೂತುಕೊಳ್ಳಿ.

ಮೊದಲು ವೆನ್‌ಳನ್ನು ಕೇಳಿದರು. ಅದೇ ಪ್ರಶ್ನೆ. ಕೋಣೆಯಲ್ಲಿ ಫ್ಯಾನು ಕರಕರ ಎನ್ನುತ್ತಿತ್ತು. ವೆನ್ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಳು, ಮುಚ್ಚಿದಳು. ಶಿವರಾಜನ ಹೆಗಲಿನ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಹಟಕ್ಕೆ ಕೂತವರ ಕಣ್ಣಲ್ಲ ಅದು, ಹೆದರಿದವರದು.

"ನಿಮ್ಮ ಮದುವೆ ಕಾಗದದಲ್ಲಿ ಮಾತ್ರ ಇದೆಯೇನು?" ಎಂದು ಮೇಡಂ ಶಿವರಾಜನನ್ನು ಕೇಳಿದಳು. ಗದರಿ ಕೇಳಲಿಲ್ಲ. ದಿನಕ್ಕೆ ಹತ್ತು ಜನರನ್ನು ಕೇಳುವಂತೆ ಕೇಳಿದಳು. ಆಮೇಲೆ ಬಸವಣ್ಣೆವ್ವನ ಕಡೆ ತಿರುಗಿದಳು. "ಆಜಿ, ನಿಮ್ಮ ಹೆಸರು?"

"ಬಸವಣ್ಣೆವ್ವ."

"ಗಂಡನ ಹೆಸರು?"

ಕಂಪ್ಯೂಟರಿನ ಮುಂದಿದ್ದವನು ಬೆರಳು ಎತ್ತಿ ಕಾದ.

ಮಲಕಪ್ಪನ ಕೈ ತಾನಾಗಿಯೇ ಅವಳ ಆಧಾರ ಕಾರ್ಡಿಗಾಗಿ ಜೇಬಿಗೆ ಹೋಯಿತು. ನಲವತ್ತೊಂದು ವರ್ಷದಿಂದ ಹೀಗೆಯೇ ನಡೆದಿತ್ತು. ರೇಷನ್ ಕಾರ್ಡಿನವರು ಕೇಳಿದಾಗ, ಹೆರಿಗೆ ಆಸ್ಪತ್ರೆಯಲ್ಲಿ ಕೇಳಿದಾಗ, ಮಗನನ್ನು ಶಾಲೆಗೆ ಹಚ್ಚುವಾಗ, ಆ ಹೆಸರನ್ನು ಬೇರೆ ಯಾರಾದರೂ ಹೇಳುತ್ತಿದ್ದರು, ಇಲ್ಲವೇ ಅವನೇ ಮೊದಲೇ ಬರೆದು ಕೊಟ್ಟಿರುತ್ತಿದ್ದ. ಅವನು ಅರ್ಧ ಎದ್ದ. ಮೇಡಂ ಕೂತುಕೊಳ್ಳಲು ಸನ್ನೆ ಮಾಡಿದಳು.

ಬಸವಣ್ಣೆವ್ವ ಸೊಸೆಯ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ವೆನ್ನವ್ವಾ, ಇಲ್ಲಿ ನೋಡು," ಎಂದಳು. "ನಾ ಮದ್ಲ ಹೇಳ್ತೀನಿ. ಏನರ ಆಗೂದಿದ್ರ ಮದ್ಲ ನನ್ನ ಗಂಡಗ ಆಗ್ಲಿ. ಅವರ್ದು ವಯಸ್ಸಾಗೇದ."

ಮಲಕಪ್ಪ ಇದನ್ನು ಮೆಚ್ಚಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವಳು ಮೇಡಂ ಕಡೆ ತಿರುಗಿ ಹೇಳಿಯೇಬಿಟ್ಟಳು.

"ಮಲಕಪ್ಪ. ಮಲಕಪ್ಪ ಗುರಣ್ಣ ಬಿರಾದಾರ."

ಗಂಡನ ಹೆಸರಿನ ಜೊತೆಗೆ ಮಾವನ ಹೆಸರೂ ಬಂದಿತ್ತು. ಯಾವ ಅಡೆತಡೆಯೂ ಇಲ್ಲದೆ, ದಿನವೂ ಹೇಳುತ್ತಿದ್ದವರಂತೆ ಬಂದಿತ್ತು. ಇವಳು ಒಳಗೊಳಗೇ ಎಷ್ಟು ಸಲ ಹೇಳಿಕೊಂಡಿರಬಹುದು ಎಂದು ಮಲಕಪ್ಪನಿಗೆ ಅನಿಸಿತು. ಕಚೇರಿಯಲ್ಲಿ ಅವನನ್ನು ಬಿರಾದಾರ ಎನ್ನುತ್ತಿದ್ದರು. ಅವ್ವ ಸತ್ತು ಇಪ್ಪತ್ತು ವರ್ಷವಾಗಿತ್ತು. ಬರೀ ಮಲಕಪ್ಪ ಎಂದು ಅವನನ್ನು ಕರೆಯುವವರು ಉಳಿದಿರಲಿಲ್ಲ. ಎದೆ ತುಂಬಿ ಬಂದು ಅವನಿಗೆ ಕೆಮ್ಮು ಒತ್ತಿಬಂತು.

ಆಗ ನೋಡಿದ. ವೆನ್ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು, ಮಾವನಿಗೆ ಏನಾದರೂ ಆಗುತ್ತದೆಯೋ ಎಂದು. ಬಸವಣ್ಣೆವ್ವನೂ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಈಗ ಕೆಮ್ಮಿದರೆ ಕೆಲಸ ಕೆಟ್ಟಿತು. ಮಲಕಪ್ಪ ಹಲ್ಲು ಕಚ್ಚಿ, ಕುರ್ಚಿಯ ಕೈ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತ. ಕಣ್ಣು ಕೆಂಪಾದವು. ಗಂಟಲಲ್ಲಿ ಇರುವೆ ಹರಿದಾಡುತ್ತಿತ್ತು. ಅಷ್ಟಾದರೂ ಮುಖದ ಮೇಲೆ ಒಂದು ನಗೆ ತಂದುಕೊಂಡು ಸೊಸೆಗೆ ತಲೆಯಾಡಿಸಿದ: ಏನೂ ಆಗಿಲ್ಲ, ನೋಡು, ಗಟ್ಟಿಯಾಗಿದ್ದೇನೆ.

ವೆನ್ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಶಿವರಾಜ ಮಲಕಪ್ಪ ಬಿರಾದಾರ," ಎಂದಳು.

ಮೇಡಂ ಪೆನ್ನು ಕೆಳಗಿಟ್ಟಳು. ಅತ್ತೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ನನ್ನ ಅಜ್ಜಿಯೂ ಹೀಗೆಯೇ," ಎಂದು ಕಂಪ್ಯೂಟರಿನವನಿಗೆ ಹೇಳಿ, ಮುಂದಿನ ಪ್ರಶ್ನೆಗೆ ಹೋದಳು. ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಅಡುಗೆ ಯಾರು ಮಾಡುತ್ತಾರೆ, ಜಗಳ ಆಗುತ್ತದೆಯೇ. ಬಸವಣ್ಣೆವ್ವ ಎಲ್ಲಕ್ಕೂ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಬದನೆಕಾಯಿ ಹೇಗೆ ಹೆಚ್ಚಬೇಕೆಂಬ ವಾದ ಒಂದು ಪುಟ ಹಿಡಿಯಿತು. ಎಲ್ಲರೂ ಸಹಿ ಮಾಡಿದ ಮೇಲೆ, ವರದಿ ಮೇಲಕ್ಕೆ ಹೋಗುತ್ತದೆ, ಇಪ್ಪತ್ತೆಂಟರ ಒಳಗೆ ಆಗುತ್ತದೆ, ಹೋಗಿಬನ್ನಿ ಎಂದಳು ಮೇಡಂ. ಮಲಕಪ್ಪ ಎಲ್ಲರಿಗಿಂತ ಮೊದಲು ಹೊರಗೆ ಹೋಗಿ, ನಿಲ್ಲಿಸಿದ್ದ ಜೀಪಿನ ಹಿಂದೆ ನಿಂತು ಮನಸಾರೆ ಕೆಮ್ಮಿದ.

ರಿಕ್ಷಾದಲ್ಲಿ ಅವನು ಹೆಂಡತಿಯ ಕಡೆ ವಾಲಿ, "ಒಳಗ ಏನೋ ಅಂದೆಲ್ಲಾ, ಫ್ಯಾನಿನ ಸಪ್ಪಳಕ್ಕ ನನಗ ಸರಿಯಾಗಿ ಕೇಳಸಲಿಲ್ಲ," ಎಂದ.

"ಕೇಳಬೇಕಾದವರಿಗೆ ಕೇಳಸ್ತು," ಎಂದು ಬಸವಣ್ಣೆವ್ವ ಹೊರಗೆ ನೋಡಿದಳು.

ಇಪ್ಪತ್ತಾರಕ್ಕೆ ಮಂಜೂರಾತಿ ಬಂತು. ಶಿವರಾಜ ಫೋನಿನಲ್ಲಿ ಅದನ್ನು ಓದಿ ಕುಣಿದಾಡಿದ, ವೆನ್ ಸುಝೌಗೆ ಫೋನು ಮಾಡಿ ಅವ್ವನ ಜೊತೆ ಅತ್ತಳು. ಮಲಕಪ್ಪ ಅದರ ಮೂರು ಪ್ರತಿ ತೆಗೆಸಿಕೊಂಡು ಬಂದ. ದೀಪ ಹಚ್ಚುವ ಹೊತ್ತಿಗೆ ಬಸವಣ್ಣೆವ್ವ ಗಂಡನನ್ನೂ ಮಗನನ್ನೂ ಪಡಸಾಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಕಾಗದ ಬರಲಿ ಎಂದು ಇಷ್ಟು ದಿನ ತಡೆದುಕೊಂಡಿದ್ದಳಂತೆ.

"ಅವ್ವಾ, ಇದೆಲ್ಲಾ ಯಾಕ?" ಎಂದ ಶಿವರಾಜ.

"ಸುಮ್ಮ ಕೂಡ್ರು. ಹೆಸರ ಹೇಳಿವಿ ಇಬ್ಬರೂ. ದೃಷ್ಟಿ ತಗೀಬೇಕು."

ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವಳು ಇಬ್ಬರ ಮೇಲೂ ಮೂರು ಸಲ ನಿವಾಳಿಸಿದಳು. ಅತ್ತೆಯ ಕೈ ಹೇಗೆ ತಿರುಗುತ್ತದೆಂದು ವೆನ್ ಗಮನವಿಟ್ಟು ನೋಡಿದಳು. ಅವಳು ಹಿಡಿದಿದ್ದ ಕಬ್ಬಿಣದ ಬುಟ್ಟಿಯಲ್ಲಿ ಕೆಂಡವಿತ್ತು. ಮುಷ್ಟಿಯಲ್ಲಿದ್ದದ್ದು ಅದರಲ್ಲಿ ಬಿತ್ತು. ಉಪ್ಪು ಚಟಚಟ ಎಂದಿತು, ಮೆಣಸಿನಕಾಯಿ ಕಪ್ಪಾಯಿತು. ಘಾಟು ಏರಿ ಕೂತವರು ಕೆಮ್ಮಿದರೆ ಏನೂ ಆಗಿಲ್ಲವೆಂದು ಲೆಕ್ಕ. ಕೆಮ್ಮು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು.

ಬಿಳಿ ಹೊಗೆ ಶಿವರಾಜನ ಮುಖಕ್ಕೆ ಬಡಿಯಿತು. ಅವನು ಕೆಮ್ಮಿ ಕೆಮ್ಮಿ ಎದ್ದು ಕಿಟಕಿಗೆ ಓಡಿದ. ವೆನ್‌ಳ ಮುಖ ಅರಳಿತು. ಆದರೆ ಫ್ಯಾನಿನ ಗಾಳಿಗೋ ಏನೋ ಹೊಗೆ ಮಲಕಪ್ಪನನ್ನು ಬಿಟ್ಟು ಆ ಕಡೆಗೇ ತಿರುಗಿತ್ತು. ಅವನ ಮೂಗಿಗೆ ಸಾಸಿವೆಯ ವಾಸನೆಯೂ ಬರಲಿಲ್ಲ. ಇಬ್ಬರು ಹೆಂಗಸರು ಬುಟ್ಟಿ ನಡುವೆ ಹಿಡಿದುಕೊಂಡು ಅವನ ಮುಂದೆ ನಿಂತಿದ್ದರು. ಬಸವಣ್ಣೆವ್ವ ಅವನ ಕೆಮ್ಮಿಗೆ ಕಾಯುತ್ತಿದ್ದಳು.

ಮಲಕಪ್ಪ ಅವಳ ಮುಖ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ, ಪಕ್ಕದ ಮನೆಯವರಿಗೂ ಕೇಳುವಂತೆ ಕೆಮ್ಮತೊಡಗಿದ.