ಮಣ್ಣಿನ ಪಾಲು

ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಜಯಾ ಮಂಚದ ಮೇಲೆ ಹಳೆಯ ರೇಷ್ಮೆ ಸೀರೆಯೊಂದನ್ನು ಹಾಸಿ, ಅತ್ತೆಯ ಒಡವೆಗಳನ್ನೆಲ್ಲ ಅದರ ಮೇಲೆ ಹರಡಿದಳು. ಉಮಾಮಹೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಆ ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ವರ್ಷಗಟ್ಟಲೆ ಮಲಗಿದವಳು ಅವಳು. ಆದರೂ ಯಾರಾದರೂ ಒಳಗೆ ಕರೆಯಲಿ ಎಂದು ಕಾಯುವ ನೆಂಟರ ಹಾಗೆ ಹೊಸ್ತಿಲು ದಾಟದೆ ನಿಂತಿದ್ದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದನ್ನೆಲ್ಲ ಹಾಕ್ಕೊಂಡು ನೀವು ಎಲ್ಲಿಗೆ ಹೋಗ್ತೀರ ಹೇಳಿ? ಲಾಕರ್‌ಗೆ ಅಲೆಯೋದೇ ಒಂದು ತಲೆನೋವು ನಿಮಗೆ," ಎಂದು ಜಯಾ ಅಡ್ಡಿಕೆಯನ್ನೂ ಬಳೆಗಳನ್ನೂ ಒಂದು ಪಕ್ಕಕ್ಕೆ ಸರಿಸಿದಳು. "ಹೇಗಿದ್ರೂ ಶರ್ವಾಣಿ ಮದುವೆ ಬರುತ್ತೆ."

ಕಿಟಕಿಯ ಹತ್ತಿರ ಗುಂಡಣ್ಣ ಫೋನು ನೋಡುತ್ತ ಕೂತಿದ್ದ. ಅವನು ಉಮಾಳ ತಮ್ಮ, ಜಯಾಳ ಗಂಡ. ಮಗುವಾಗಿದ್ದಾಗ ಗುಂಡುಗುಂಡಾಗಿದ್ದಾನೆಂದು ಅವಳೇ ಇಟ್ಟ ಹೆಸರು. ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಗೆ ಏರಿದ ಮೇಲೂ ಮನೆಯೊಳಗೆ ಅದೇ ಉಳಿದಿತ್ತು.

"ಅಮ್ಮನ ಮೂಗುಬೊಟ್ಟು ಒಂದು ನನಗಿರಲಿ," ಎಂದಳು ಉಮಾ.

ಜಯಾ ಗಂಡನ ಮುಖ ನೋಡಿದಳು. ಗುಂಡಣ್ಣ ತಲೆ ಎತ್ತಲಿಲ್ಲ. "ಅದರ ಹರಳು ಶರ್ವಾಣಿ ಉಂಗುರಕ್ಕೆ ಅಂದ್ಕೊಂಡಿದ್ವಿ ಅಕ್ಕ. ನೀನೇ ಅವಳಿಗೆ ಕೊಟ್ಟೆ ಅಂದ್ಕೋಬಿಡು. ಅವಳು ನಿನಗೂ ಮಗಳೇ ತಾನೆ?"

ಶರ್ವಾಣಿಯನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಎರೆದವಳು ಉಮಾಳೇ. ಕೊನೆಗೆ ಬೀರುವಿನ ತಳದಿಂದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಹೊರಬಂತು. ಜಯಾ ಮುಚ್ಚಳ ತೆಗೆದು ನೋಡಿ, ಮೂಗು ಮುರಿದು, ಅದನ್ನು ಉಮಾಳ ಕೈಗೆ ಕೊಟ್ಟಳು. "ತಗೊಳ್ಳಿ ಅಕ್ಕಾ, ಇದು ಪೂರ್ತಿ ನಿಮಗೇ."

ಡಬ್ಬಿಯಲ್ಲಿ ನಿಂತುಹೋದ ಅಪ್ಪನ ಕೈಗಡಿಯಾರ, ಕೋಟಿನ ಗುಂಡಿಗಳು, ಯಾವುದೋ ಪೆಟ್ಟಿಗೆಯ ತುಕ್ಕು ಹಿಡಿದ ಬೀಗದ ಕೈ, ಚೌಕಾಬಾರದ ಕವಡೆ, ಒಡೆದ ಗಾಜಿನ ಬಳೆಯ ಚೂರುಗಳು, ದೇವರ ಮನೆಯ ಗಂಟೆಯ ನಾಲಗೆ ಇದ್ದವು. ಅಮ್ಮ ಏನನ್ನೂ ಎಸೆಯುತ್ತಿರಲಿಲ್ಲ.

ಪದ್ಮನಾಭನಗರದ ಆ ಮನೆಯಲ್ಲಿ ಮಹಡಿಯ ಮೇಲೆ ಗುಂಡಣ್ಣನ ಸಂಸಾರ, ಕೆಳಗೆ ಅಮ್ಮ ಮತ್ತು ಉಮಾ ಎಂದು ಮೊದಲಿನಿಂದ ನಡೆದುಬಂದಿತ್ತು. ಅಮ್ಮನಿಗೆ ಲಕ್ವ ಹೊಡೆದಾಗ ಉಮಾ ಶಾಲೆಯ ಲೈಬ್ರರಿ ಕೆಲಸ ಬಿಟ್ಟಳು. ಆಮೇಲೆ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಮಾತ್ರೆ ಅರೆಯುವುದು ಇದರಲ್ಲೇ ಕಾಲ ಕಳೆದುಹೋಗಿತ್ತು. ಈಗ ಕೆಳಗಿನ ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ಮಧ್ಯಾಹ್ನ ಕೂತಲ್ಲೇ ಕೈಗಳು ಏನನ್ನೋ ಹುಡುಕುತ್ತಿದ್ದವು. ಟೀವಿ ಹಾಕಿದರೆ ರಿಮೋಟನ್ನೇ ಉಜ್ಜುತ್ತ ಕೂರುವಳು.

ಹೀಗಿರುವಾಗ ಫೋನಿನಲ್ಲಿ ಯಾವಳೋ ಹುಡುಗಿ ಮಣ್ಣಿನ ಓಲೆ ಮಾಡುವುದು ಕಾಣಿಸಿತು. ಸುಡುವುದು ಬೇಡ, ಬೇಯಿಸುವುದು ಬೇಡ; ಗಾಳಿಗೆ ಇಟ್ಟರೆ ತಾನೇ ಒಣಗಿ ಗಟ್ಟಿಯಾಗುವ ಮಣ್ಣು. ಉಮಾ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಸ್ಟೇಷನರಿ ಅಂಗಡಿಯಲ್ಲಿ ಒಂದು ಪ್ಯಾಕೆಟ್ ತಂದಳು. ಮೊದಮೊದಲು ಮಾಡಿದ್ದೆಲ್ಲ ಬಿರುಕು ಬಿಟ್ಟಿತು. ಬಿಸಿಲಿಗಿಟ್ಟು ಆತುರಪಟ್ಟರೆ ಒಡೆಯುತ್ತದೆ, ನೆರಳಲ್ಲಿ ಇಟ್ಟು ಆಗಾಗ ಮಗುಚಿ ಹಾಕಬೇಕು ಎಂಬುದು ಕೆಡಿಸಿ ಕೆಡಿಸಿಯೇ ತಿಳಿಯಿತು. ಚಪಾತಿ ಹಿಟ್ಟಿನ ಹಾಗೆ ನಾದಿ, ಲಟ್ಟಿಸಿ, ಅಂಚನ್ನು ಒದ್ದೆ ಬೆರಳಿನಿಂದ ಸವರಿ, ದಾರಕ್ಕೆಂದು ಊದಿನಕಡ್ಡಿಯಿಂದ ತೂತು ಹಾಕುತ್ತಿದ್ದಳು. ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ, ಗಟ್ಟಿ ಕಾಫಿ ಡಿಕಾಕ್ಷನ್ನಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹಳೆಯ ಮಡಕೆಯ ಬಣ್ಣ ಬರುತ್ತಿತ್ತು. ಕೊನೆಗೆ ಒಂದು ಕೈ ವಾರ್ನಿಷ್.

ಒಂದು ದಿನ ಡಬ್ಬಿ ತೆಗೆದಳು. ಅಪ್ಪನ ಗಡಿಯಾರದ ಬೆನ್ನು ಬಿಚ್ಚಿ, ಹಿತ್ತಾಳೆಯ ಹಲ್ಲುಚಕ್ರವನ್ನು ಹಸಿ ಮಣ್ಣಿನ ಬಿಲ್ಲೆಯ ನಡುವೆ ಒತ್ತಿ, ಸುತ್ತ ಅಮ್ಮನ ನೀಲಿ ಬಳೆಯ ಚೂರುಗಳನ್ನು ಕೂರಿಸಿದಳು. ಒಣಗಿದ ಮೇಲೆ ಕಪ್ಪು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಎಷ್ಟೋ ಕಾಲದ ಮೇಲೆ ತನ್ನ ಕೊರಳನ್ನು ತಾನೇ ನೋಡಿಕೊಂಡಳು.

ಅದನ್ನು ಮೊದಲು ಮೆಚ್ಚಿದವಳು ಶರ್ವಾಣಿ. "ಅತ್ತೆ, ಇದು ಸಖತ್ತಾಗಿದೆ! ಒಂದು ಫೋಟೋ ತೆಗೀಲಾ?" ಎಂದು ಅದನ್ನು ಆಫೀಸಿಗೆ ಹಾಕಿಕೊಂಡು ಹೋದಳು. ಸಂಜೆ ಓಡಿಬಂದು, ಎಲ್ಲರೂ ಕೇಳಿದರೆಂದು ಹೇಳಿದಳು. ಅಂದಿನಿಂದ ಸೋದರತ್ತೆ ಮತ್ತು ಸೋದರಸೊಸೆ ಸೇರಿಕೊಂಡರು. ಉಮಾ ಬೀದಿಯಲ್ಲಿ ಬಿದ್ದ ಹೊಂಗೆಕಾಯಿ, ಸೈಕಲ್ ಅಂಗಡಿಯವನು ಎಸೆದ ಚೈನಿನ ತುಂಡು, ಮುರಿದ ಟೈಲ್ಸಿನ ಚೂರು ಆರಿಸಿ ತಂದು ಮಾರುವುದಕ್ಕೆ ಮಾಡುವಳು. ಶರ್ವಾಣಿ ಫೋಟೋ ಹಾಕುವಳು. ಡಬ್ಬಿಯ ಸಾಮಾನಿನಿಂದ ಮಾಡಿದ್ದನ್ನು ಮಾತ್ರ ಉಮಾ ಯಾರಿಗೂ ಕೊಡುತ್ತಿರಲಿಲ್ಲ. ಅದೆಲ್ಲವೂ ಸೇರಿ ಒಂದು ದೊಡ್ಡ ಹಾರವಾಗುತ್ತ ಬಂತು. ಕವಡೆ, ಗುಂಡಿ, ಬೀಗದ ಕೈ ಒಂದೊಂದು ಬಿಲ್ಲೆಯಲ್ಲಿ, ನಟ್ಟನಡುವೆ ಹಲ್ಲುಚಕ್ರ, ಅದರ ಕೆಳಗೆ ತೂಗುವ ಗಂಟೆಯ ನಾಲಗೆ.

ಜೆ.ಪಿ. ನಗರದಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಸಮನ್ವಿತಾ ಎಂಬಾಕೆ, ಒಂದು ಭಾನುವಾರ ತನ್ನ ಅಂಗಡಿಯ ಮುಂದೆ ಮೇಜು ಹಾಕಿಕೊಳ್ಳಲು ಕರೆದಳು. ಉಮಾ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಹೋದಳು. ಜನ ಬಂದರು. ಹಾರವನ್ನು ಕಂಡವರೆಲ್ಲ ನಿಂತು ಕೇಳುವವರೇ. "ಇದು ನಮ್ಮಪ್ಪನ ವಾಚಿನದು. ಇದು ನಮ್ಮಮ್ಮನ ಬಳೆ," ಎಂದು ಉಮಾ ಖುಷಿಯಿಂದ ಒಂದೊಂದನ್ನೇ ಮುಟ್ಟಿ ತೋರಿಸುತ್ತಿದ್ದಳು. ಕೆಂಪು ಕನ್ನಡಕದ ಹೆಂಗಸೊಬ್ಬಳು ಅದನ್ನು ಕೊಡಲೇಬೇಕೆಂದು ಹಟ ಹಿಡಿದಳು. ಉಮಾ ನಕ್ಕು ತಲೆಯಾಡಿಸಿದಳು. ಮಗಳ ಜೊತೆ ಬಂದು ಹಿಂದೆ ನಿಂತಿದ್ದ ಜಯಾ ಅದನ್ನೆಲ್ಲ ನೋಡಿದಳು. ಅವಳು ನೋಡಿದ್ದು ಉಮಾಳಿಗೂ ಕಂಡಿತು. ಕಂಡದ್ದು ಹಿತವಾಗಿಯೇ ಇತ್ತು, ಅದರಲ್ಲಿ ಸುಳ್ಳು ಹೇಳಬೇಕಾಗಿಲ್ಲ.

ಮೇಜಿನ ಆ ಕೊನೆಯಲ್ಲಿ ಶರ್ವಾಣಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಮ್ಮಜ್ಜಿಯ ಕಲೆಕ್ಷನ್. ಡಿಸೈನ್ ಎಲ್ಲ ನಂದೇ. ನಮ್ಮತ್ತೆ ಹೆಲ್ಪ್ ಮಾಡ್ತಾರೆ."

ಹುಡುಗಿ, ಮಾತಿನ ಭರದಲ್ಲಿ ಹೇಳಿರಬೇಕು ಎಂದುಕೊಂಡಳು ಉಮಾ.

ಆ ವಾರವೇ ಶರ್ವಾಣಿಗೆ ವಿಶ್ರುತ್ ಎಂಬ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಮದುವೆಗೆ ಮುಂಚಿನ ಫೋಟೋಗಳಿಗೆ ಆ ಹಾರ ಬೇಕು ಎಂದಳು. "ಫೋಟೋ ದಿನ ಬಂದು ತಗೊಂಡು ಹೋಗೇ, ಜೋಪಾನವಾಗಿ ವಾಪಸ್ ತಾ," ಎಂದಳು ಉಮಾ. ಮರುದಿನ ಬೆಳಿಗ್ಗೆ ಮೂವರೂ ಕೆಳಗಿಳಿದು ಬಂದರು. ಜಯಾ ಸೋಫಾದ ತುದಿಯಲ್ಲಿ ಕೂತು ಮಾತು ತೆಗೆದಳು.

"ತಪ್ಪು ತಿಳ್ಕೋಬೇಡಿ ಅಕ್ಕಾ. ವಾಪಸ್ ತಾ ಅಂದ್ರಂತೆ. ಆದ್ರೆ ಡಬ್ಬಿಯಲ್ಲಿದ್ದಿದ್ದು ಅತ್ತೆ ಮಾವನ ಸಾಮಾನು ತಾನೆ? ಅದರಲ್ಲಿ ಇವರದ್ದೂ ಇದೆ, ಶರ್ವಾಣಿದೂ ಇದೆ. ಎಲ್ಲ ನಿಮ್ಮೊಬ್ಬರ ಹತ್ತಿರಾನೇ ಇರೋದು ಅಂದ್ರೆ..."

"ನೀನೇ ಕೊಟ್ಟಿದ್ದು ಜಯಾ."

"ಅವತ್ತು ಯಾರಿಗೆ ಗೊತ್ತಿತ್ತು, ಅದರಲ್ಲಿ ಇಂಥದ್ದೆಲ್ಲ ಇದೆ ಅಂತ?"

"ಅದರಲ್ಲಿ ಏನಿತ್ತೇ? ಗುಂಡಿ ಇತ್ತು. ತುಕ್ಕು ಇತ್ತು." ಉಮಾಳ ದನಿ ಏರಿತು. "ನೀನೇ ಮೂಗು ಮುರಿದೆ."

"ಅಕ್ಕ, ಜೋರು ಮಾಡಬೇಡ," ಎಂದ ಗುಂಡಣ್ಣ. "ಅಪ್ಪನ ವಾಚು ನನಗೂ ಸೆಂಟಿಮೆಂಟು. ಗಂಡು ಮಗ ಅಂತ ನನಗೆ ಬರಬೇಕಾಗಿದ್ದು ಅದು. ನೀನು ಕೇಳದೇನೇ ಬಿಚ್ಚಿಬಿಟ್ಟೆ."

ಉಮಾ ಶರ್ವಾಣಿಯ ಕಡೆ ತಿರುಗಿದಳು. ಇಷ್ಟರಲ್ಲಿ ಅವಳು ಏನಾದರೂ ಹೇಳಿಯೇ ಹೇಳುತ್ತಾಳೆ ಎಂದಿತ್ತು. ಮಣ್ಣು ನಾದುವಾಗ ಎದುರಿಗೆ ಕೂತು ಹರಟಿದವಳು, ಕೈಗೆ ಮೆತ್ತಿದ್ದನ್ನು ತೊಳೆದುಕೊಳ್ಳದೆ ಚಕ್ಕುಲಿ ತಿಂದು ಬೈಸಿಕೊಂಡವಳು.

ಶರ್ವಾಣಿ ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ, "ಅಮ್ಮ ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ ಅತ್ತೆ," ಎಂದಳು. "ವಿಶ್ರುತ್ ಮನೆಯವರಿಗೆ ಆಗಲೇ ಹೇಳ್ಬಿಟ್ಟಿದೀನಿ, ಅದು ನಮ್ಮಜ್ಜಿ ನನಗೆ ಅಂತ ಬಿಟ್ಟುಹೋಗಿದ್ದು ಅಂತ. ಫೋಟೋ ಆದ್ಮೇಲೆ ನಿನಗೆ ವಾಪಸ್ ಕೊಡೋದು ಅಂದ್ರೆ ಅವರೇನು ಅಂದ್ಕೋತಾರೆ?"

ಉಮಾ ಆಮೇಲೆ ಜಗಳವಾಡಲಿಲ್ಲ. "ಭಾನುವಾರ ಬನ್ನಿ. ಪಾಲು ಮಾಡಿ ಕೊಡ್ತೀನಿ," ಎಂದಳು.

ಅವರು ಹೋದ ಮೇಲೆ ಹಾರವನ್ನು ಬಿಚ್ಚಿ ಬಿಲ್ಲೆಗಳನ್ನು ಬೇರೆ ಮಾಡಿದಳು. ಉಪ್ಪುಕಾಗದ ಹಿಡಿದು ಒಂದೊಂದರ ಮೇಲಿನ ವಾರ್ನಿಷನ್ನೂ ತಿಕ್ಕಿ ತೆಗೆದಳು. ಬಳಿಯುವುದಕ್ಕೆ ಹಿಡಿದ ಹೊತ್ತಿಗಿಂತ ತೆಗೆಯುವುದಕ್ಕೇ ಹೆಚ್ಚು ಹಿಡಿಯಿತು; ಬೆರಳ ತುದಿಯ ಚರ್ಮ ಕಿತ್ತುಬಂದಿತು. ಆಮೇಲೆ ಎಲ್ಲವನ್ನೂ ಬಕೆಟ್ ನೀರಿಗೆ ಹಾಕಿದಳು. ಬೆಂಕಿ ಕಾಣದ ಮಣ್ಣು ಅದು. ನೀರು ಕುಡಿದು ಮೊದಲು ಉಬ್ಬಿತು, ಆಮೇಲೆ ಮೆತ್ತಗಾಯಿತು. ಕೈ ಹಾಕಿ ಹಿಸುಕಿದರೆ ಒಳಗಿನಿಂದ ಕವಡೆ ಜಾರಿ ಬಂತು, ಗುಂಡಿ ಬಂತು. ಅಮ್ಮನಿಗೆ ಎರೆಯುವಾಗ ಆಗುತ್ತಿದ್ದಂತೆ ಅವಳ ಮೊಣಕೈವರೆಗೂ ಒದ್ದೆಯಾಗಿತ್ತು. ಅಳು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಒಂದೇ ಒಂದು ಆಸೆ ಇತ್ತು: ಈ ಬರಿಯ ಗುಂಡಿ, ಬರಿಯ ತುಕ್ಕನ್ನು ಕಂಡಾಗ ಅವರ ಮುಖ ಬಾಡಬೇಕು. ಒಬ್ಬರದಾದರೂ.

ಭಾನುವಾರ ಬಂದಾಗ ಊಟದ ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆಗಳಿದ್ದವು. ಒಂದರಲ್ಲಿ ಗುಂಡಣ್ಣನ ಅರ್ಧ, ಇನ್ನೊಂದರಲ್ಲಿ ಅವಳ ಅರ್ಧ. ಹಲ್ಲುಚಕ್ರವನ್ನೂ ಗಡಿಯಾರದ ಉಳಿದ ಭಾಗವನ್ನೂ ಗುಂಡಣ್ಣನ ತಟ್ಟೆಗೆ ಹಾಕಿದ್ದಳು.

ಜಯಾ ಬಾಯಿಯ ಮೇಲೆ ಕೈಯಿಟ್ಟಳು. "ಹಾರ ಎಲ್ಲಿ?"

"ಅತ್ತೆ ಮಾವನ ಸಾಮಾನು ಕೇಳಿದ್ಯಲ್ಲ. ಅದು ಇಲ್ಲಿದೆ. ಮಣ್ಣು ನಂದು, ನಾನು ಇಟ್ಕೊಂಡಿದೀನಿ," ಎಂದು ಉಮಾ ಬಕೆಟ್ ಕಡೆ ಕೈ ತೋರಿಸಿದಳು.

ಗುಂಡಣ್ಣ ಗಡಿಯಾರದ ಚಿಪ್ಪನ್ನು ಎತ್ತಿ ನೋಡಿ, ಪಟ್ಟಿ ಇಲ್ಲವೇ ಎಂದು ಕೇಳಿದ. ಪಟ್ಟಿ ಮೊದಲಿನಿಂದಲೂ ಇರಲಿಲ್ಲ. ಶರ್ವಾಣಿಯ ಕಣ್ಣಲ್ಲಿ ನೀರು ಬಂತು. ಉಮಾಳ ಎದೆ ಒಂದು ಸಲ ಹಗುರಾಯಿತು. ಅಷ್ಟರಲ್ಲಿ ಹುಡುಗಿ ಮೂಗು ಸೇದಿಕೊಂಡು, "ಶೂಟ್ ಬುಧವಾರ ಅತ್ತೆ. ಅಷ್ಟರೊಳಗೆ ಮತ್ತೆ ಮಾಡ್ಕೊಡೋಕಾಗುತ್ತಾ?" ಎಂದಳು.

"ಆಗಲ್ಲ."

"ಬೇಕಂತಲೇ ಮಾಡಿದಾರೆ ಬಾರೇ," ಎಂದು ಜಯಾ ತಮ್ಮ ಪಾಲಿನ ತಟ್ಟೆಯನ್ನು ಎತ್ತಿಕೊಂಡಳು. ಬಿಟ್ಟು ಹೋಗಲಿಲ್ಲ, ಒಂದು ಕವಡೆ ಕೆಳಗೆ ಉರುಳಿದ್ದನ್ನೂ ಬಗ್ಗಿ ಹೆಕ್ಕಿ ಹಾಕಿಕೊಂಡಳು. ಮೂವರೂ ಮೆಟ್ಟಿಲು ಹತ್ತಿ ಹೋದರು.

ಬನಶಂಕರಿಯ ಕಲ್ಯಾಣಮಂಟಪದಲ್ಲಿ ಮದುವೆ ಚೆನ್ನಾಗಿ ಆಯಿತು. ಶರ್ವಾಣಿಯ ಕೊರಳಲ್ಲಿ ಅಜ್ಜಿಯ ಅಡ್ಡಿಕೆ ಇತ್ತು. ಫೋಟೋಗಳಿಗೆ ಯಾವುದೋ ಬಾಡಿಗೆಯ ಹಾರ ಸಿಕ್ಕಿತ್ತಂತೆ. ಉಮಾ ಸೋದರತ್ತೆಯಾಗಿ ಆರತಿ ಎತ್ತಿದಳು, ಬಂದವರಿಗೆ ಅರಿಶಿನ ಕುಂಕುಮ ಕೊಟ್ಟಳು. ಸಮನ್ವಿತಾ ಎರಡು ಸಲ ಫೋನು ಮಾಡಿದಾಗ, ಕೈ ನೋವು, ಮಾಡುವುದನ್ನು ಬಿಟ್ಟಿದ್ದೇನೆ ಎಂದಳು. ತೆರೆದಿಟ್ಟಿದ್ದ ಮಣ್ಣಿನ ಪ್ಯಾಕೆಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಕಲ್ಲಾಗಿತ್ತು.

ಮದುವೆಯಾಗಿ ಕೆಲವು ದಿನಕ್ಕೆ ಜಯಾ ಕೆಳಗೆ ಬಂದಳು. ಪಾತ್ರೆ ವಿಷಯದಲ್ಲಿ ಅವಳು ಬಹಳ ಶಿಸ್ತು; ಇನ್ನೊಬ್ಬರ ಚಮಚವನ್ನೂ ಉಳಿಸಿಕೊಳ್ಳುವವಳಲ್ಲ. ಉಮಾಳ ಸ್ಟೀಲ್ ತಟ್ಟೆಯನ್ನು ಫಳಫಳ ಎನ್ನುವ ಹಾಗೆ ತೊಳೆದು, ಅದರಲ್ಲಿ ಮದುವೆಯ ಚಿರೋಟಿ ಇಟ್ಟುಕೊಂಡು ಬಂದಿದ್ದಳು.

"ತಗೊಳ್ಳಿ ಅಕ್ಕಾ. ನಿಮ್ಮ ತಟ್ಟೆ ನಮ್ಮ ಹತ್ತಿರಾನೇ ಉಳಿದಿತ್ತು."

"ಇದರಲ್ಲಿ ಇದ್ದಿದ್ದು?"

"ಏನಿತ್ತು ಇದರಲ್ಲಿ?" ಜಯಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಟನೆಯಲ್ಲ, ನಿಜವಾಗಿಯೂ ಅವಳಿಗೆ ಮರೆತುಹೋಗಿತ್ತು. "ಓ, ಅದಾ! ಮದುವೆಗೆ ಮನೆ ಕ್ಲೀನ್ ಮಾಡಿಸಿದ್ವಲ್ಲ, ಕೆಲಸದವಳು ಗುಡಿಸೋವಾಗ ಎಲ್ಲೋ ಹೋಗಿರಬೇಕು. ಚಿರೋಟಿ ಇವತ್ತೇ ತಿಂದ್ಬಿಡಿ, ಮೆತ್ತಗಾಗುತ್ತೆ."

ಅವಳು ಹೋದ ಮೇಲೆ ಉಮಾ ತಟ್ಟೆಯನ್ನು ಹಿಡಿದುಕೊಂಡು ಚಿರೋಟಿಯನ್ನು ಬೀದಿಗೆ ಎಸೆಯಬೇಕೆಂದು ಬಾಗಿಲವರೆಗೂ ಹೋದಳು. ಎದುರುಮನೆಯಾಕೆ ಗೇಟಿನಲ್ಲಿ ತರಕಾರಿ ಕೊಳ್ಳುತ್ತ ನಿಂತಿದ್ದಳು. ನೋಡಿದವರು ಏನೆಂದಾರು ಎನ್ನಿಸಿ ಹಿಂದಕ್ಕೆ ಬಂದಳು. ಕುರ್ಚಿಯಲ್ಲಿ ಕೂತು ಒಂದು ಎಸಳು ಮುರಿದು ಬಾಯಿಗೆ ಹಾಕಿಕೊಂಡಳು. ಗರಿಗರಿಯಾಗಿ, ತುಪ್ಪದಲ್ಲಿ ಕರಿದದ್ದು, ರುಚಿಯಾಗಿಯೇ ಇತ್ತು. ಅವಳಿಗೆ ಸಹಿಸಲಾಗದೆ ಹೋದದ್ದು ಅದೇ.